ಬಾಂಡ್ ಬರೆದರೆ ಮದುವೆ ಮುರಿಯುವುದಿಲ್ಲ

ಈಚೆಗೆ ಬಂದ ಮನೆಯವರು ಆ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದರು. ಮೂರು ಹಾಳೆಯ ಸ್ಟಾಂಪ್ ಪೇಪರ್, ಪ್ರತಿ ಹಾಳೆಯ ಕೆಳಗೆ ಗಂಡ ಹೆಂಡತಿ ಇಬ್ಬರ ಸಹಿ, ಎರಡೂ ಕಡೆಯ ಸಾಕ್ಷಿಗಳು, ಕೊನೆಯಲ್ಲಿ ನೋಟರಿಯ ಮುದ್ರೆ. ‘ಇಂದಿನಿಂದ ನಮ್ಮಿಬ್ಬರಲ್ಲಿ ಗಂಡ ಹೆಂಡತಿ ಸಂಬಂಧ ಇರುವುದಿಲ್ಲ, ಮುಂದೆ ಇಷ್ಟ ಬಂದವರನ್ನು ಮದುವೆಯಾಗಲು ಪರಸ್ಪರ ಅಭ್ಯಂತರ ಇರುವುದಿಲ್ಲ’ ಎಂಬ ಒಕ್ಕಣೆ. ಬರೆದು ಏಳು ವರ್ಷವಾಗಿತ್ತು. ಆಮೇಲೆ ಆ ಹುಡುಗಿಗೆ ಇನ್ನೊಂದು ಮದುವೆಯಾಗಿ ಒಬ್ಬ ಮಗನೂ ಇದ್ದಾನೆ. ಈಗ ಎರಡನೆಯವನು ಜಗಳವಾಡಿ, ‘ನಿನಗೆ ಡೈವೋರ್ಸೇ ಆಗಿಲ್ಲ, ನೀನು ನನ್ನ ಹೆಂಡತಿಯೇ ಅಲ್ಲ’ ಎಂದು ವಕೀಲರಿಂದ ನೋಟಿಸ್ ಕಳಿಸಿದ್ದಾನೆ. ಬಾಂಡಿಗೆ ಸಾಕ್ಷಿ ಹಾಕಿದ್ದ ಸೋದರಮಾವ ಕುರ್ಚಿಯ ತುದಿಯಲ್ಲಿ ಕೂತು ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದರು: “ನೋಟರಿ ಆಗಿದೆಯಲ್ಲಾ ಲಾಯರಮ್ಮಾ?”

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಆದರೆ ಸೋದರಮಾವನ ಆ ಪ್ರಶ್ನೆಯನ್ನು ಬದಲಿಸಿಲ್ಲ. ಅದನ್ನು ಬೇರೆ ಬೇರೆ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ನೋಟರಿ ಆಗಿದೆ, ನಿಜ. ಅದರಿಂದ ಗೊತ್ತಾಗುವುದು ಇಷ್ಟೇ: ಇಂಥವರು ಇಂಥ ದಿನ ಬಂದು ಈ ಕಾಗದಕ್ಕೆ ಸಹಿ ಹಾಕಿದರು. ಮದುವೆಯನ್ನು ಬಿಡಿಸುವ ಅಧಿಕಾರವನ್ನು ಯಾವ ಕಾನೂನೂ ನೋಟರಿಗೆ ಕೊಟ್ಟಿಲ್ಲ. ಮದುವೆ ಮತ್ತು ವಿಚ್ಛೇದನದ ಪತ್ರಗಳನ್ನು ಮಾಡಿಕೊಡಬೇಡಿ ಎಂದು ಕೇಂದ್ರ ಕಾನೂನು ಸಚಿವಾಲಯವೇ 2024ರಲ್ಲಿ ನೋಟರಿಗಳಿಗೆ ತಾಕೀತು ಮಾಡಿದೆ. ಆದರೂ ಬಾಂಡುಗಳು ಬರುತ್ತಲೇ ಇವೆ.

ಜನರ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ಸೈಟು ಮಾರಲು ಇಬ್ಬರೂ ಒಪ್ಪಿದರೆ ಕ್ರಯಪತ್ರ, ಸಾಲ ತೀರಿದರೆ ಚುಕ್ತಾ ಪತ್ರ. ಹಾಗೆಯೇ ಇಬ್ಬರೂ ಒಪ್ಪಿದರೆ ಬಿಡುಗಡೆ ಪತ್ರ ಯಾಕಾಗಬಾರದು? ಯಾಕೆಂದರೆ 1955ರ ಹಿಂದೂ ವಿವಾಹ ಕಾಯ್ದೆಗೆ ಒಳಪಟ್ಟ ಮದುವೆ ಗಂಡ ಹೆಂಡತಿ ತಾವೇ ಬರೆದು ತಾವೇ ಅಳಿಸಬಹುದಾದ ಕರಾರಲ್ಲ. ಅದನ್ನು ಕೊನೆಗೊಳಿಸುವುದು ನ್ಯಾಯಾಲಯದ ಡಿಕ್ರಿ. ಹಿರಿಯರು ಐವತ್ತು ಜನ ಸೇರಿ ಒಪ್ಪಿದರೂ, ಒಡವೆ ಪಾತ್ರೆ ಎಲ್ಲ ವಾಪಸಾದರೂ, ಇಬ್ಬರೂ ಹತ್ತು ವರ್ಷ ಮುಖ ನೋಡದಿದ್ದರೂ, ಡಿಕ್ರಿ ಇಲ್ಲದಿದ್ದರೆ ಅವರು ಗಂಡ ಹೆಂಡತಿಯೇ. ಇದನ್ನು ಒಮ್ಮೆ ಹೇಳಿ ಮುಗಿಸಿದ ಮೇಲೂ “ಆದರೆ ಇಬ್ಬರದ್ದೂ ಒಪ್ಪಿಗೆ ಇತ್ತಲ್ಲ” ಅಂತಾರೆ. ಒಪ್ಪಿಗೆ ಇದ್ದರೆ ಕೋರ್ಟಿನ ದಾರಿ ಹತ್ತಿರವಾಗುತ್ತದೆ. ಒಪ್ಪಿಗೆಯೇ ಡಿಕ್ರಿಯಾಗುವುದಿಲ್ಲ.

“ನಮ್ಮಲ್ಲಿ ಸೋಡಚೀಟಿ ಪದ್ಧತಿ ಇದೆ, ಚೀಟಿ ಬರೆದುಕೊಟ್ಟರೆ ಬಿಡುಗಡೆ” ಎನ್ನುವವರೂ ಬರುತ್ತಾರೆ. ಅವರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಕಾಯ್ದೆಯ 29(2)ನೇ ಕಲಂ ರೂಢಿಯ ವಿಚ್ಛೇದನವನ್ನು ಉಳಿಸಿದೆ. ಆದರೆ ಆ ಸಮುದಾಯದಲ್ಲಿ ಆ ರೂಢಿ ಬಹುಕಾಲದಿಂದ, ಎಡೆಬಿಡದೆ, ಒಂದೇ ರೀತಿಯಲ್ಲಿ ನಡೆದುಬಂದಿದೆ ಎಂದು ಹೇಳಿಕೊಂಡವರೇ ಸಾಕ್ಷ್ಯ ಕೊಟ್ಟು ರುಜುವಾತು ಮಾಡಬೇಕು. ಅಜ್ಜಿ ಹೇಳಿದ ಒಂದು ಉದಾಹರಣೆ ಸಾಲದು. ಅಂಥ ರೂಢಿ ಇದೆ ಎಂಬ ಧೈರ್ಯದ ಮೇಲೆ ಇನ್ನೊಂದು ಮದುವೆ ಮಾಡಿಕೊಳ್ಳಿ ಎಂದು ನಾನಂತೂ ಯಾರಿಗೂ ಸಲಹೆ ಕೊಟ್ಟಿಲ್ಲ. ಮುಸ್ಲಿಂ ಮತ್ತು ಕ್ರೈಸ್ತ ಮದುವೆಗಳ ನಿಯಮ ಬೇರೆ. ಅವನ್ನು ಈ ಅಂಕಣದಲ್ಲಿ ಬೆರೆಸುವುದಿಲ್ಲ.

ಬಾಂಡಿನ ಪೆಟ್ಟು ತಕ್ಷಣ ಬೀಳುವುದಿಲ್ಲ, ಅದೇ ಕಷ್ಟ. ಎಲ್ಲರೂ ಚೆನ್ನಾಗಿರುವಷ್ಟು ದಿನ ಆ ಕಾಗದವನ್ನು ಯಾರೂ ಕೇಳುವುದಿಲ್ಲ. ಗಂಡ ತೀರಿಕೊಂಡು ಪಿಂಚಣಿಯ ಅರ್ಜಿ ಹಾಕಿದಾಗ, ಆಸ್ತಿ ಭಾಗವಾಗುವಾಗ, ಅಥವಾ ಜಗಳವಾದಾಗ ಅದು ಹೊರಗೆ ಬರುತ್ತದೆ. ಮೊದಲ ಮದುವೆ ಊರ್ಜಿತದಲ್ಲಿರುವಾಗ ಆದ ಎರಡನೆಯ ಮದುವೆ ಕಾನೂನಿನಲ್ಲಿ ಅನೂರ್ಜಿತ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ ಅದು 7 ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದಾದ ಅಪರಾಧ ಕೂಡ. ಹಳೆಯ ದಂಡ ಸಂಹಿತೆಯಲ್ಲೂ ಇದ್ದದ್ದು ಇಷ್ಟೇ ಶಿಕ್ಷೆ, ಕಲಮಿನ ಸಂಖ್ಯೆ ಮಾತ್ರ ಬದಲಾಗಿದೆ.

ಮಕ್ಕಳ ವಿಷಯದಲ್ಲಿ ಕಾನೂನಿಗೆ ಕರುಣೆಯಿದೆ. ಹಿಂದೂ ವಿವಾಹ ಕಾಯ್ದೆಯ 16ನೇ ಕಲಂ ಅಂಥ ಮಕ್ಕಳನ್ನು ಔರಸರು, ಅಂದರೆ ನ್ಯಾಯಬದ್ಧ ಮಕ್ಕಳು ಎಂದೇ ಎಣಿಸುತ್ತದೆ. ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆ ಅಥವಾ ತಾಯಿಗೆ ಬರುವ ಪಾಲಿನಲ್ಲಿ ಈ ಮಕ್ಕಳಿಗೂ ಹಕ್ಕಿದೆ ಎಂದು ಹೇಳಿತು. ಇತರ ಬಂಧುಗಳ ಪಾಲಿನಲ್ಲಿ ಅಲ್ಲ.

ಹೆಂಗಸರಿಗೆ ಒಂದು ಆಸರೆ 2025ರ ಜನವರಿಯಲ್ಲಿ ಸಿಕ್ಕಿತು. ತೆಲಂಗಾಣದ ಒಬ್ಬ ಹೆಣ್ಣುಮಗಳು ಮೊದಲ ಗಂಡನಿಂದ ಬರೀ ಒಪ್ಪಂದ ಪತ್ರದ ಮೇಲೆ ಬೇರೆಯಾಗಿ, ಎರಡನೆಯ ಮದುವೆಯಾಗಿದ್ದಳು. ಎಲ್ಲ ತಿಳಿದೇ ಕೈಹಿಡಿದವನು ಆಮೇಲೆ ಅದನ್ನೇ ಮುಂದೆ ಹಿಡಿದು ಜೀವನಾಂಶ ತಪ್ಪಿಸಿಕೊಳ್ಳುವುದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ತೀರ್ಪು ಬಾಂಡನ್ನು ವಿಚ್ಛೇದನ ಮಾಡಲಿಲ್ಲ, ಜೀವನಾಂಶದ ಮಟ್ಟಿಗೆ ಆಕೆಯನ್ನು ಕಾಪಾಡಿತು. ಎರಡಕ್ಕೂ ವ್ಯತ್ಯಾಸವಿದೆ. ಇದನ್ನು ಓದಿ ಯಾರೂ ಬಾಂಡ್ ಬರೆಸಲು ಹೊರಡಬಾರದು.

ಜನ ಕೋರ್ಟಿಗೆ ಯಾಕೆ ಬರುವುದಿಲ್ಲ? ಹೆಚ್ಚಿನವರಲ್ಲಿ ಕುಯುಕ್ತಿ ಇಲ್ಲ, ಭಯ ಇದೆ. ಹತ್ತು ವರ್ಷ ಅಲೆಯಬೇಕು, ಎಲ್ಲರೆದುರು ಮಲಗುವ ಕೋಣೆಯ ಮಾತು ಆಡಬೇಕು ಅಂದುಕೊಂಡಿರುತ್ತಾರೆ. ಜಗಳದ ಕೇಸು ವರ್ಷಗಟ್ಟಲೆ ಹಿಡಿಯುತ್ತದೆ, ಸುಳ್ಳು ಹೇಳಲಾರೆ. ಆದರೆ ಬಾಂಡ್ ಬರೆಸುವವರಲ್ಲಿ ಜಗಳ ಆಗಲೇ ಮುಗಿದಿರುತ್ತದೆ! ಒಡವೆ ಯಾರಿಗೆ, ಮಗು ಯಾರ ಹತ್ತಿರ, ದುಡ್ಡೆಷ್ಟು ಎಂಬ ನಿಜವಾದ ಕಷ್ಟದ ಕೆಲಸವನ್ನು ಹಿರಿಯರು ಜಗಲಿಯ ಮೇಲೆ ಕೂತು ಬಗೆಹರಿಸಿರುತ್ತಾರೆ. ಅದಕ್ಕೆ ನನಗೆ ಗೌರವವಿದೆ. ಅದೇ ಷರತ್ತುಗಳನ್ನು, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕಾಗಿ ಹಿಂದೂ ವಿವಾಹ ಕಾಯ್ದೆಯಲ್ಲಿರುವ 13-ಬಿ ಕಲಮಿನ ಜಂಟಿ ಅರ್ಜಿಯಲ್ಲಿ ಬರೆದು ಕೌಟುಂಬಿಕ ನ್ಯಾಯಾಲಯಕ್ಕೆ ಕೊಟ್ಟರಾಯಿತು. ಒಂದು ವರ್ಷ ಪ್ರತ್ಯೇಕವಾಗಿದ್ದಿರಬೇಕು. ಅರ್ಜಿಯ ಮೇಲೆ ಆರು ತಿಂಗಳ ಕಾಯುವಿಕೆ ಇದೆ ನಿಜ, ಆದರೆ ಸುಪ್ರೀಂ ಕೋರ್ಟಿನ 2017ರ ಅಮರದೀಪ್ ಸಿಂಗ್ ತೀರ್ಪಿನ ನಂತರ ಅದನ್ನೂ ಮನ್ನಾ ಮಾಡುವ ವಿವೇಚನೆ ನ್ಯಾಯಾಧೀಶರಿಗಿದೆ. ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆ ಇದ್ದು, ರಾಜಿಯ ಪ್ರಯತ್ನ ವಿಫಲವಾಗಿ, ಜೀವನಾಂಶ ಮತ್ತು ಮಕ್ಕಳ ವಿಚಾರ ತೀರ್ಮಾನವಾಗಿದ್ದರೆ ಕೇಳಬಹುದು. ಕೊಟ್ಟೇ ಕೊಡುತ್ತಾರೆಂದು ನಾನು ಭರವಸೆ ಕೊಡಲಾರೆ, ಅದು ಪ್ರತಿ ಪ್ರಕರಣದ ಸಂಗತಿಗಳ ಮೇಲೆ ನಿಂತಿದೆ. ಬೇರೆ ಊರಿನಲ್ಲಿರುವವರಿಗೆ ವಿಡಿಯೊ ಕಾನ್ಫರೆನ್ಸ್ ಬಳಸಬಹುದೆಂದೂ ಅದೇ ತೀರ್ಪು ಹೇಳಿದೆ. ಡಿಕ್ರಿ ಆಗುವವರೆಗೂ ಇಬ್ಬರಲ್ಲಿ ಯಾರಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಹಾಗಾಗಿ ಪೂರ್ತಿ ಹಣವನ್ನು ಮೊದಲೇ ಕೈಯಿಂದ ಕೈಗೆ ಕೊಟ್ಟುಬಿಡಬೇಡಿ, ಕಂತುಗಳನ್ನು ಅರ್ಜಿಯಲ್ಲೇ ನಮೂದಿಸಿ.

ಇಷ್ಟನ್ನೂ ಆ ಮನೆಯವರಿಗೆ ಹೇಳಿದಾಗ ಹುಡುಗಿ ಒಂದೂ ಮಾತಾಡಲಿಲ್ಲ. ಸೋದರಮಾವನ ಕಣ್ಣು ತುಂಬಿತ್ತು. “ಹಂಗಾದ್ರೆ ಇದನ್ನ ಹರಿದು ಹಾಕ್ಲಾ?” ಅಂದರು.

“ಬೇಡ ಯಜಮಾನ್ರೇ. ಎರಡನೆಯವರು ಮದುವೆಗೆ ಮುಂಚೆ ಇದನ್ನು ನೋಡಿದ್ದರಾ?”

ಹುಡುಗಿ ತಲೆ ಎತ್ತಿದಳು. “ಅವರೇ ಕೇಳಿ ಜೆರಾಕ್ಸ್ ಇಸ್ಕೊಂಡಿದ್ರು ಮೇಡಂ. ವಾಟ್ಸಾಪಲ್ಲೂ ಕಳಿಸಿದ್ದೆ.”

ಆ ಮೆಸೇಜು ಅವಳ ಹಳೆಯ ಫೋನಿನಲ್ಲಿದೆಯಂತೆ. ಫೋನು ಚಾರ್ಜ್ ಆದರೆ ಸೋಮವಾರ ತರುತ್ತೇನೆಂದಳು. ಜೀವನಾಂಶದ ಅರ್ಜಿಯನ್ನು ಬರೆಯಲು ಶುರು ಮಾಡಿದ್ದೇನೆ. ಲ್ಯಾಮಿನೇಷನ್ ಬಿಡಿಸಲು ಹೋಗಬೇಡಿ, ಕಾಗದ ಹರಿದೀತು ಎಂದು ಎರಡು ಸಲ ಹೇಳಿ ಕಳಿಸಿದೆ.