ರೂಟರ್‌ಗೆ ಹೊಸ ಓಎಸ್: ಮೊದಲು ಕೆಳಗಿನ ಸ್ಟಿಕ್ಕರ್ ಓದಿ

ಮನೆಗಳಿಗೆ, ಚಿಕ್ಕ ಆಫೀಸುಗಳಿಗೆ ನೆಟ್‌ವರ್ಕ್ ಹಾಕಿಕೊಡುವುದು ನನ್ನ ಕೆಲಸ. ಜನ ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು: "ರೂಟರ್‌ಗೆ ಹಾಕೋಕೆ ಸುಲಭವಾದ ಓಪನ್ ಸೋರ್ಸ್ ಓಎಸ್ ಯಾವುದು?" ಓಎಸ್ ಅಂದರೆ ರೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್, ಓಪನ್ ಸೋರ್ಸ್ ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿರುವುದು. ಕೇಳುವ ಕಾರಣವೂ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ರೂಟರ್ ಗಟ್ಟಿಮುಟ್ಟಾಗಿದೆ, ಆದರೆ ತಯಾರಿಸಿದ ಕಂಪನಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದೆ. ಇಲ್ಲವೇ ಮನೆಯಲ್ಲಿ ಒಬ್ಬರು ದೊಡ್ಡ ಫೈಲ್ ಅಪ್‌ಲೋಡ್ ಮಾಡಲು ಶುರುಮಾಡಿದ ಕೂಡಲೇ ಇನ್ನೊಬ್ಬರ ವೀಡಿಯೊ ಕಾಲ್ ತಡವರಿಸುತ್ತದೆ.

ಓಎಸ್‌ನ ಹೆಸರು ಹೇಳುವ ಮೊದಲು ನಾನು ಒಂದು ಕೆಲಸ ಮಾಡಿಸುತ್ತೇನೆ. ರೂಟರ್ ತಿರುವಿ ಹಾಕಿ, ಕೆಳಗಿನ ಸ್ಟಿಕ್ಕರ್ ಓದಲು ಹೇಳುತ್ತೇನೆ. ಮಾಡೆಲ್ ನಂಬರ್ ಎಲ್ಲರೂ ಓದುತ್ತಾರೆ. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ವಿ2", "ವಿ5" ಅಂತ ಇರುವ ಹಾರ್ಡ್‌ವೇರ್ ವರ್ಷನ್ ಅನ್ನು ಯಾರೂ ಗಮನಿಸುವುದಿಲ್ಲ. ನಿಜವಾದ ವಿಷಯ ಇರುವುದು ಅಲ್ಲೇ. ಒಂದೇ ಹೆಸರು, ಒಂದೇ ಡಬ್ಬ, ಒಂದೇ ಬಣ್ಣ. ಒಳಗೆ ಮಾತ್ರ ಚಿಪ್ ಬೇರೆ, ಮೆಮೊರಿ ಬೇರೆ. ಒಂದು ವರ್ಷನ್‌ಗೆ ಬ್ರೌಸರ್‌ನಿಂದಲೇ ಐದು ನಿಮಿಷದಲ್ಲಿ ಹೊಸ ಓಎಸ್ ಹಾಕಬಹುದು. ಅದೇ ಮಾಡೆಲ್‌ನ ಮುಂದಿನ ವರ್ಷನ್‌ಗೆ ಡಬ್ಬ ಬಿಚ್ಚಿ, ಬೋರ್ಡ್ ಮೇಲಿನ ಪಿನ್‌ಗಳಿಗೆ ಸೀರಿಯಲ್ ಕೇಬಲ್ ಜೋಡಿಸಬೇಕಾಗಬಹುದು. ಹಾಗಾಗಿ "ಯಾವ ಓಎಸ್ ಸುಲಭ" ಅಂದರೆ ನನ್ನ ಉತ್ತರ: ನಿಮ್ಮ ಕೈಯಲ್ಲಿರುವ ಡಬ್ಬಕ್ಕೆ ಬ್ರೌಸರ್‌ನಿಂದ ಹಾಕಬಹುದಾದದ್ದು, ಮತ್ತು ಕೆಟ್ಟರೆ ವಾಪಸ್ ಬರಲು ದಾರಿ ಇರುವುದು.

ಹೆಚ್ಚಿನವರಿಗೆ ಅದು ಓಪನ್‌ಡಬ್ಲ್ಯೂಆರ್‌ಟಿ (OpenWrt) ಅನ್ನುವ ಓಎಸ್. ಲಿಂಕ್‌ಸಿಸ್ ಕಂಪನಿಯ ಒಂದು ಹಳೆಯ ವೈಫೈ ರೂಟರ್ ಒಳಗೆ ಲಿನಕ್ಸ್ ಅನ್ನುವ ಓಪನ್ ಸೋರ್ಸ್ ಓಎಸ್ ಇತ್ತು. ಲಿನಕ್ಸ್‌ನ ಲೈಸೆನ್ಸ್ ಪ್ರಕಾರ ಆ ಕೋಡ್ ಅನ್ನು ಕಂಪನಿ 2003ರಲ್ಲಿ ಹೊರಗೆ ಕೊಡಬೇಕಾಯಿತು. ಅದನ್ನು ಹಿಡಿದುಕೊಂಡು 2004ರಲ್ಲಿ ಈ ಯೋಜನೆ ಶುರುವಾಯಿತು. ನಡುವೆ ತಂಡ ಎರಡಾಗಿ ಒಡೆದದ್ದೂ ಉಂಟು, 2018ರಲ್ಲಿ ಮತ್ತೆ ಒಂದಾಯಿತು. ಇವತ್ತು ಇದು ನೂರಾರು ಮಾಡೆಲ್‌ಗಳಿಗೆ ಸಿಗುತ್ತದೆ, ಪ್ರತಿ ಮಾಡೆಲ್‌ಗೂ ಬೇರೆ ಪುಟ ಇದೆ. ಆ ಪುಟದಲ್ಲಿ ನಾನು ಹುಡುಕುವುದು ಎರಡೇ ವಿಷಯ. ಇನ್‌ಸ್ಟಾಲ್ ಮಾಡುವ ದಾರಿ ಯಾವುದು, ರಿಕವರಿ ದಾರಿ ಯಾವುದು. "ಕಂಪನಿಯ ವೆಬ್ ಪುಟದಿಂದಲೇ ಅಪ್‌ಲೋಡ್ ಮಾಡಿ" ಅಂತಿದ್ದರೆ ಧೈರ್ಯವಾಗಿ ಮುಂದುವರಿಯಿರಿ. "ಸೀರಿಯಲ್" ಅನ್ನುವ ಪದ ಮೊದಲ ಹೆಜ್ಜೆಯಲ್ಲೇ ಬಂದರೆ, ಹೊಸಬರು ಆ ಡಬ್ಬವನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಮೆಮೊರಿಯನ್ನೂ ಅಲ್ಲೇ ನೋಡಿಕೊಳ್ಳಿ. ಫ್ಲಾಶ್ ಅಂದರೆ ಓಎಸ್ ಉಳಿಯುವ ಜಾಗ, ರ‍್ಯಾಮ್ ಅಂದರೆ ಅದು ಓಡುವಾಗ ಬಳಸುವ ಜಾಗ. 4 ಎಂಬಿ ಫ್ಲಾಶ್, 32 ಎಂಬಿ ರ‍್ಯಾಮ್ ಇರುವ ಹಳೆಯ ರೂಟರ್‌ಗಳ ಕಾಲ ಮುಗಿದಿದೆ. 8 ಎಂಬಿ ಫ್ಲಾಶ್, 64 ಎಂಬಿ ರ‍್ಯಾಮ್ ಅನ್ನುವುದು ಹೇಗೋ ಹೊಂದಿಕೊಳ್ಳುವ ಅಳತೆ. ನೆಮ್ಮದಿಯಾಗಿ ಇರಬೇಕಾದರೆ ಕನಿಷ್ಠ 16 ಮತ್ತು 128 ಇರಲಿ. ಚಿಪ್ ಬ್ರಾಡ್‌ಕಾಮ್‌ನದ್ದಾದರೆ ವೈಫೈ ಡ್ರೈವರ್ ತೊಂದರೆ ಕೊಡುವುದು ಹೆಚ್ಚು, ಏಕೆಂದರೆ ಆ ಡ್ರೈವರ್‌ಗಳ ಕೋಡ್ ಮುಚ್ಚಿದ್ದು. ಹೊಸದಾಗಿ ಕೊಳ್ಳುವವರಿಗೆ ಮೀಡಿಯಾಟೆಕ್ ಚಿಪ್‌ನ ರೂಟರ್ ನೋಡಿ ಅಂತ ಹೇಳುತ್ತೇನೆ.

ಹಾಕುವ ಕೆಲಸ ನೋಡೋಣ. ಓಪನ್‌ಡಬ್ಲ್ಯೂಆರ್‌ಟಿಯವರ ಫರ್ಮ್‌ವೇರ್ ಸೆಲೆಕ್ಟರ್ ಪುಟದಲ್ಲಿ (ಫರ್ಮ್‌ವೇರ್ ಅಂದರೆ ರೂಟರ್‌ಗೆ ಹಾಕುವ ಓಎಸ್ ಫೈಲ್) ಮಾಡೆಲ್ ಹೆಸರು ಟೈಪ್ ಮಾಡಿದರೆ ವರ್ಷನ್‌ಗಳ ಪಟ್ಟಿ ಬರುತ್ತದೆ. ಸ್ಟಿಕ್ಕರ್‌ನಲ್ಲಿ ಇರುವುದನ್ನೇ ಆರಿಸಿ. "ಸ್ನ್ಯಾಪ್‌ಶಾಟ್" ಬೇಡ, ಅದು ಇನ್ನೂ ತಯಾರಾಗುತ್ತಿರುವ ಪ್ರತಿ. ಅದರಲ್ಲಿ ಸಾಮಾನ್ಯವಾಗಿ ವೆಬ್ ಪುಟವೇ ಇರುವುದಿಲ್ಲ, ಎಲ್ಲವನ್ನೂ ಕಮಾಂಡ್ ಬರೆದೇ ಮಾಡಬೇಕು. ಸ್ಥಿರ ಬಿಡುಗಡೆಯನ್ನೇ ತೆಗೆದುಕೊಳ್ಳಿ. ಅಲ್ಲಿ ಮತ್ತೆ ಎರಡು ಫೈಲ್ ಕಾಣಿಸುತ್ತವೆ. "ಫ್ಯಾಕ್ಟರಿ" ಅನ್ನುವುದು ಕಂಪನಿಯ ಸಾಫ್ಟ್‌ವೇರ್ ಇರುವಾಗ ಮೊದಲ ಸಲ ಹಾಕುವುದಕ್ಕೆ. "ಸಿಸ್‌ಅಪ್‌ಗ್ರೇಡ್" ಅನ್ನುವುದು ಈಗಾಗಲೇ ಓಪನ್‌ಡಬ್ಲ್ಯೂಆರ್‌ಟಿ ಇರುವ ರೂಟರ್‌ಗೆ. ಜನ ಎಡವುವುದು ಇಲ್ಲಿ ಜಾಸ್ತಿ. ಡೌನ್‌ಲೋಡ್ ಆದ ಮೇಲೆ ಪಕ್ಕದಲ್ಲಿ ಕೊಟ್ಟಿರುವ ಚೆಕ್‌ಸಮ್ (ಫೈಲ್ ಸರಿಯಾಗಿ ಪೂರ್ತಿ ಬಂದಿದೆಯೇ ಅಂತ ತಿಳಿಸುವ ಸಂಕೇತ) ತಾಳೆ ನೋಡಿ. ಅರ್ಧ ಇಳಿದ ಫೈಲ್ ರೂಟರ್ ಒಳಗೆ ಹೋಗಬಾರದು, ಅಲ್ವಾ?

ಅಪ್‌ಲೋಡ್ ಮಾಡುವಾಗ ವೈಫೈ ನಂಬಬೇಡಿ. ಕಂಪ್ಯೂಟರ್‌ನಿಂದ ರೂಟರ್‌ನ ಲ್ಯಾನ್ ಪೋರ್ಟ್‌ಗೆ ಕೇಬಲ್ ಹಾಕಿ. ಕಂಪನಿಯ ಪುಟದಲ್ಲಿ ಫರ್ಮ್‌ವೇರ್ ಅಪ್‌ಗ್ರೇಡ್ ಅನ್ನುವ ಜಾಗ ಇರುತ್ತದೆ, ಫ್ಯಾಕ್ಟರಿ ಫೈಲನ್ನು ಅಲ್ಲಿ ಕೊಡಿ. ಆಮೇಲೆ ಕೈಕಟ್ಟಿ ಕೂರಿ. ಲೈಟ್ ಮಿನುಗುತ್ತದೆ, ಆರುತ್ತದೆ, ಮತ್ತೆ ಮಿನುಗುತ್ತದೆ. ಸತ್ತುಹೋಯಿತೇನೋ ಅನ್ನಿಸುವಷ್ಟು ಹೊತ್ತು ಸುಮ್ನೆ ಇರುತ್ತದೆ. ಆ ಹೊತ್ತಿನಲ್ಲಿ ಸ್ವಿಚ್ ಆರಿಸಬೇಡಿ. ಲೈಟ್ ಒಂದೇ ಸಮನೆ ನಿಂತ ಮೇಲೆ ಬ್ರೌಸರ್‌ನಲ್ಲಿ 192.168.1.1 ತೆರೆದರೆ ಲೂಸಿ ಅನ್ನುವ ಸೆಟ್ಟಿಂಗ್ ಪುಟ ಬರುತ್ತದೆ. ಯೂಸರ್ ಹೆಸರು ರೂಟ್ (root), ಪಾಸ್‌ವರ್ಡ್ ಖಾಲಿ. ಮೊದಲ ಕೆಲಸ ಪಾಸ್‌ವರ್ಡ್ ಇಡುವುದು.

ಇಲ್ಲಿ ಹೊಸಬರು ಗಾಬರಿಯಾಗುತ್ತಾರೆ. ಫೋನ್‌ನಲ್ಲಿ ನೋಡಿದರೆ ಮನೆಯ ವೈಫೈ ಹೆಸರೇ ಕಾಣುವುದಿಲ್ಲ. ಏನೂ ಕೆಟ್ಟಿಲ್ಲ. ಪಾಸ್‌ವರ್ಡ್ ಇಲ್ಲದ ವೈಫೈ ಯಾರ ಮನೆಯಲ್ಲೂ ತೆರೆದುಕೊಳ್ಳಬಾರದು ಅಂತ ಓಪನ್‌ಡಬ್ಲ್ಯೂಆರ್‌ಟಿಯವರು ವೈಫೈಯನ್ನು ಆಫ್ ಮಾಡಿಯೇ ಕೊಡುತ್ತಾರೆ. ವೈರ್‌ಲೆಸ್ ಪುಟಕ್ಕೆ ಹೋಗಿ ದೇಶದ ಕೋಡ್ ಆರಿಸಿ, ಹೆಸರು, ಪಾಸ್‌ವರ್ಡ್ ಕೊಟ್ಟು ಆನ್ ಮಾಡಿದರೆ ಮುಗಿಯಿತು. ದೇಶದ ಕೋಡ್ ಬಿಡಬೇಡಿ, ಯಾವ ಚಾನೆಲ್, ಎಷ್ಟು ಪವರ್ ಅನ್ನುವುದು ಅದರ ಮೇಲೆ ನಿಂತಿದೆ. ಇಂಟರ್ನೆಟ್ ಕಂಪನಿ ಪಿಪಿಪಿಒಇ (ರೂಟರ್ ಲಾಗಿನ್ ಆಗಿ ಪಡೆಯುವ ಸಂಪರ್ಕ) ಬಳಸುತ್ತಿದ್ದರೆ ಅದರ ಯೂಸರ್ ಹೆಸರು, ಪಾಸ್‌ವರ್ಡ್, ಕೆಲವು ಕಡೆ ವಿಲ್ಯಾನ್ ನಂಬರ್ (ಒಂದೇ ಲೈನ್‌ನಲ್ಲಿ ಸೇವೆಗಳನ್ನು ಬೇರ್ಪಡಿಸುವ ಸಂಖ್ಯೆ) ಕೂಡ ಬೇಕು. ಇವನ್ನು ಹಳೆಯ ಸಾಫ್ಟ್‌ವೇರ್ ಇರುವಾಗಲೇ ಬರೆದಿಟ್ಟುಕೊಳ್ಳಿ. ಹೊಸದು ಹಾಕಿದ ಮೇಲೆ ಹುಡುಕಲು ಇಂಟರ್ನೆಟ್ಟೇ ಇರುವುದಿಲ್ಲ.

ಸೆಟ್ಟಿಂಗ್ ಏನೋ ತಪ್ಪಾಗಿ ಒಳಗೇ ಹೋಗಲಾಗದಿದ್ದರೆ ಫೇಲ್‌ಸೇಫ್ ಇದೆ. ಬೂಟ್ ಆಗುವಾಗ ಲೈಟ್ ಬೇಗ ಮಿನುಗುವ ಗಳಿಗೆಯಲ್ಲಿ ಬಟನ್ ಒತ್ತಿದರೆ ನಿಮ್ಮ ಸೆಟ್ಟಿಂಗ್‌ಗಳನ್ನು ಬದಿಗಿಟ್ಟು ಮೂಲ ರೂಪದಲ್ಲಿ ಏಳುತ್ತದೆ. ಫರ್ಮ್‌ವೇರ್ ಕೆಟ್ಟರೂ ಎಷ್ಟೋ ರೂಟರ್‌ಗಳ ಬೂಟ್‌ಲೋಡರ್ (ಓಎಸ್ ಅನ್ನು ಎಬ್ಬಿಸುವ ಚಿಕ್ಕ ಪ್ರೋಗ್ರಾಂ) ಬದುಕಿರುತ್ತದೆ, ಟಿಎಫ್‌ಟಿಪಿ (ಫೈಲ್ ಕಳಿಸುವ ಒಂದು ಸರಳ ವಿಧಾನ) ಮೂಲಕ ಹೊಸ ಫೈಲ್ ತೆಗೆದುಕೊಳ್ಳುತ್ತದೆ. ಜಿಎಲ್ ಐನೆಟ್‌ನ ರೂಟರ್‌ಗಳಲ್ಲಿ ಇದು ಇನ್ನೂ ಸಲೀಸು. ರೀಸೆಟ್ ಬಟನ್ ಒತ್ತಿ ಹಿಡಿದು ಪವರ್ ಕೊಟ್ಟರೆ ಬೂಟ್‌ಲೋಡರ್‌ನದ್ದೇ ಒಂದು ಚಿಕ್ಕ ವೆಬ್ ಪುಟ ತೆರೆಯುತ್ತದೆ. ಆ ಕಂಪನಿಯ ಸಾಫ್ಟ್‌ವೇರ್ ಕೂಡ ಓಪನ್‌ಡಬ್ಲ್ಯೂಆರ್‌ಟಿ ಮೇಲೆಯೇ ಕಟ್ಟಿದ್ದು. ಓಪನ್‌ಡಬ್ಲ್ಯೂಆರ್‌ಟಿಯವರೇ 2024ರ ಕೊನೆಯಲ್ಲಿ ಬನಾನಾ ಪೈ ಅನ್ನುವ ಬೋರ್ಡ್ ತಯಾರಕರ ಜೊತೆ ಸೇರಿ "ಓಪನ್‌ಡಬ್ಲ್ಯೂಆರ್‌ಟಿ ಒನ್" ಅನ್ನುವ ರೂಟರ್ ತಂದರು. ಅದರಲ್ಲಿ ರಿಕವರಿಗೆಂದೇ ಬೇರೆ ಫ್ಲಾಶ್ ಚಿಪ್ ಇದೆ, ಅದಕ್ಕೆ ಬದಲಿಸಲು ಒಂದು ಸ್ವಿಚ್ ಇದೆ. ಇನ್‌ಸ್ಟಾಲ್ ಮಾಡುವ ತಲೆನೋವೇ ಬೇಡ ಅನ್ನುವವರಿಗೆ ನನ್ನ ಮೊದಲ ಸಲಹೆ ಇಂಥ ಡಬ್ಬಗಳು.

ಬ್ರಾಡ್‌ಕಾಮ್ ಚಿಪ್‌ನ ರೂಟರ್ ಮನೆಯಲ್ಲಿ ಆಗಲೇ ಇದ್ದರೆ ಫ್ರೆಶ್‌ಟೊಮ್ಯಾಟೊ ಅಥವಾ ಡಿಡಿ‑ಡಬ್ಲ್ಯೂಆರ್‌ಟಿ ಅನ್ನುವ ಓಎಸ್‌ಗಳನ್ನು ನೋಡಬಹುದು. ಆಸುಸ್‌ನ ಕೆಲವು ಮಾಡೆಲ್‌ಗಳಿಗೆ ಮರ್ಲಿನ್ ಇದೆ, ಅದು ಆಸುಸ್‌ನದೇ ಸಾಫ್ಟ್‌ವೇರ್‌ನ ತಿದ್ದಿದ ರೂಪ. ಕಂಪನಿಯ ಪುಟದಿಂದಲೇ ಅಪ್‌ಲೋಡ್ ಆಗುತ್ತದೆ, ನೋಟವೂ ಹಳೆಯದೇ, ಹಾಕುವುದು ಬಹಳ ಸುಲಭ. ಆದರೆ ಅದರಲ್ಲಿ ಮುಚ್ಚಿದ ಕೋಡ್‌ನ ಭಾಗಗಳೂ ಇವೆ, ಕಂಪನಿ ಕೈಬಿಟ್ಟ ಮಾಡೆಲ್ ಅನ್ನು ಅದು ಬಹುಕಾಲ ನಡೆಸಲಾರದು. ಅಪ್‌ಡೇಟ್ ನಿಂತದ್ದಕ್ಕೇ ಓಎಸ್ ಬದಲಿಸುವವರು ಇದನ್ನು ಗಮನಿಸಬೇಕು.

ಬೇರೆ ಕಂಪ್ಯೂಟರನ್ನೇ ರೂಟರ್ ಮಾಡುವ ದಾರಿಯೂ ಇದೆ. 2015ರಲ್ಲಿ ಪಿಎಫ್‌ಸೆನ್ಸ್ ಅನ್ನುವ ರೂಟರ್ ಓಎಸ್‌ನಿಂದ ಕವಲೊಡೆದ ಓಪಿಎನ್‌ಸೆನ್ಸ್ ನನಗೆ ಇಷ್ಟ. ಎರಡು ನೆಟ್‌ವರ್ಕ್ ಪೋರ್ಟ್ ಇರುವ ಚಿಕ್ಕ ಪಿಸಿ, ಒಂದು ಪೆನ್‌ಡ್ರೈವ್ ಇದ್ದರೆ ಸಾಕು. ಮಾಮೂಲಿ ಓಎಸ್ ಹಾಕುವಷ್ಟೇ ಸುಲಭ, ಮಾಡೆಲ್, ವರ್ಷನ್ ರಗಳೆಯೇ ಇಲ್ಲ, ಕೆಟ್ಟರೆ ಮತ್ತೆ ಪೆನ್‌ಡ್ರೈವ್‌ನಿಂದ ಹಾಕಿಕೊಳ್ಳಬಹುದು. ಪೋರ್ಟ್‌ಗಳು ಇಂಟೆಲ್‌ನವಾಗಿದ್ದರೆ ಒಳ್ಳೆಯದು. ಇದು ವೈಫೈಗೆ ಬೆಂಬಲ ಕಡಿಮೆ ಇರುವ ಫ್ರೀಬಿಎಸ್‌ಡಿ ಅನ್ನುವ ಓಎಸ್ ಮೇಲೆ ನಿಂತಿರುವುದರಿಂದ ವೈಫೈಯನ್ನು ಇದರಿಂದಲೇ ಕೊಡುವ ಆಸೆ ಬೇಡ. ಹಳೆಯ ರೂಟರನ್ನು ಆಕ್ಸೆಸ್ ಪಾಯಿಂಟ್ (ವೈಫೈ ಮಾತ್ರ ಕೊಡುವ ಡಬ್ಬ) ಮಾಡಿ ಪಕ್ಕದಲ್ಲಿ ಇಡಬೇಕು. ಅಂದರೆ ಎರಡು ಡಬ್ಬ, ಎರಡು ಪ್ಲಗ್. ಒಂದು ಚಿಕ್ಕ ಮನೆಗೆ ಇಷ್ಟೆಲ್ಲಾ ಬೇಕೇ ಅಂದರೆ, ಸಾಮಾನ್ಯವಾಗಿ ಬೇಡ ಅಂತಲೇ ಹೇಳುತ್ತೇನೆ.

ವೀಡಿಯೊ ಕಾಲ್ ತಡವರಿಸುವ ಮಾತಿಗೆ ಬರುತ್ತೇನೆ. ಲೈನ್ ತುಂಬಿದಾಗ ಮೋಡೆಮ್, ರೂಟರ್‌ಗಳಲ್ಲಿ ಪ್ಯಾಕೆಟ್‌ಗಳು (ಡೇಟಾದ ತುಣುಕುಗಳು) ಉದ್ದಕ್ಕೆ ಸಾಲುಗಟ್ಟುತ್ತವೆ, ಕಾಲ್‌ನ ಚಿಕ್ಕ ಪ್ಯಾಕೆಟ್ ಆ ಸಾಲಿನ ಕೊನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಎಸ್‌ಕ್ಯೂಎಂ ಅನ್ನುವ ಪ್ಯಾಕೇಜ್ ಸೇರಿಸಿ, ಅದರಲ್ಲಿ ಕೇಕ್ ಅನ್ನುವ ಕ್ಯೂ (ಸಾಲು ನಿಭಾಯಿಸುವ ವಿಧಾನ) ಆರಿಸಿ. ಕೇಬಲ್ ಹಾಕಿ ಅಳೆದ ವೇಗದ 85ರಿಂದ 95 ಶೇಕಡಾದಷ್ಟನ್ನು ಅಪ್‌ಲೋಡ್, ಡೌನ್‌ಲೋಡ್ ಎರಡಕ್ಕೂ ಕೊಡಿ. ಆಗ ಆ ಸಾಲು ನಿಮ್ಮ ರೂಟರ್‌ನ ಹತೋಟಿಗೆ ಬರುತ್ತದೆ. ಸ್ವಲ್ಪ ವೇಗ ಬಿಟ್ಟುಕೊಟ್ಟರೂ ಕಾಲ್ ನಿರಾಳ. ಆದರೆ ಇದು ಪ್ರೊಸೆಸರ್‌ಗೆ ಭಾರವಾದ ಕೆಲಸ. ಹಾರ್ಡ್‌ವೇರ್ ಆಫ್‌ಲೋಡಿಂಗ್ (ಪ್ರೊಸೆಸರ್ ಬಿಟ್ಟು ಬೇರೆ ಚಿಪ್ ಭಾಗದಿಂದ ಪ್ಯಾಕೆಟ್ ಸಾಗಿಸುವ ಸೆಟ್ಟಿಂಗ್) ಆನ್ ಇದ್ದರೆ ಪ್ಯಾಕೆಟ್‌ಗಳು ಈ ಕ್ಯೂ ತಪ್ಪಿಸಿಕೊಂಡು ಹೋಗುತ್ತವೆ, ಆದ್ದರಿಂದ ಅದನ್ನು ಆಫ್ ಮಾಡಬೇಕು. ಹಳೆಯ ರೂಟರ್‌ನಲ್ಲಿ ಗಿಗಾಬಿಟ್ ಲೈನ್‌ಗೆ ಇದು ಎಳೆಯುವುದಿಲ್ಲ.

ಹಾಕಿದ ದಿನಕ್ಕಿಂತ ಮುಂದಿನ ವರ್ಷಗಳ ಬಗ್ಗೆ ನನಗೆ ಕಾಳಜಿ ಜಾಸ್ತಿ. ಹಾಕಿ ಮರೆತ ಓಪನ್ ಸೋರ್ಸ್ ರೂಟರ್, ಕಂಪನಿ ಮರೆತ ರೂಟರ್‌ನಷ್ಟೇ ಅಪಾಯಕಾರಿ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಅಟೆಂಡೆಡ್ ಸಿಸ್‌ಅಪ್‌ಗ್ರೇಡ್ ಇದೆ. ನೀವು ಸೇರಿಸಿಕೊಂಡ ಪ್ಯಾಕೇಜ್‌ಗಳನ್ನೂ ಒಳಗೊಂಡ ಹೊಸ ಫರ್ಮ್‌ವೇರ್ ಅನ್ನು ಅದು ಸರ್ವರ್‌ನಲ್ಲಿ ಕಟ್ಟಿಸಿ ತರುತ್ತದೆ. ಒತ್ತುವ ಮೊದಲು ಬ್ಯಾಕಪ್ ಫೈಲ್ ಇಳಿಸಿಕೊಳ್ಳಿ. ಅಷ್ಟನ್ನೂ ಮಾಡುವವರು ಮನೆಯಲ್ಲಿ ಇಲ್ಲದಿದ್ದರೆ ಜೆಕ್ ದೇಶದ ಟುರಿಸ್ ರೂಟರ್‌ಗಳನ್ನು ನೋಡಿ. ಅವೂ ಓಪನ್‌ಡಬ್ಲ್ಯೂಆರ್‌ಟಿ ಮೇಲೆ ನಿಂತವು, ಅಪ್‌ಡೇಟ್ ತಾನಾಗಿ ಆಗುತ್ತದೆ.

ಕೊನೆಗೆ, ಇಂಟರ್ನೆಟ್ ಕಂಪನಿ ಕೊಟ್ಟ ಡಬ್ಬದ ಮೇಲೆ ಈ ಪ್ರಯೋಗ ಬೇಡ. ಅದು ನಿಮ್ಮದಲ್ಲ, ಫೈಬರ್ ಮತ್ತು ಫೋನ್ ಲೈನ್ ಅದಕ್ಕೇ ಕಟ್ಟಿಕೊಂಡಿರುತ್ತವೆ. ಅದನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನು ಮಾತ್ರ ದಾಟಿಸುವ ಸ್ಥಿತಿಗೆ) ಹಾಕಿಕೊಡಲು ಕಂಪನಿಯನ್ನು ಕೇಳಿ, ನಿಮ್ಮ ರೂಟರನ್ನು ಅದರ ಹಿಂದೆ ಇಡಿ. ಬ್ರಿಡ್ಜ್ ಕೊಡುವುದಿಲ್ಲ ಅಂದರೆ ನಿಮ್ಮ ರೂಟರ್‌ನ ಲ್ಯಾನ್ ವಿಳಾಸವನ್ನು 192.168.10.1 ಥರ ಬೇರೆ ಮಾಡಿಕೊಳ್ಳಿ. ಎರಡು ಡಬ್ಬಕ್ಕೂ ಒಂದೇ 192.168.1.1 ಇದ್ದರೆ ಇಂಟರ್ನೆಟ್ ಬರುವುದೇ ಇಲ್ಲ, ಜನ ಸುಮ್ನೆ ಹೊಸ ಓಎಸ್ ಕೆಟ್ಟಿದೆ ಅಂದುಕೊಂಡು ಹಳೆಯದಕ್ಕೆ ವಾಪಸ್ ಹೋಗಿಬಿಡುತ್ತಾರೆ.