ಟಾರ್ಚನ್ನು ಪಕ್ಕದಿಂದ ಹಿಡಿಯಿರಿ

ಶಿಕಾರಿಪುರದ ಕಡೆ ನಮ್ಮ ಚಿಕ್ಕಪ್ಪನ ಅಡಿಕೆ ತೋಟದ ಬೇಲಿಯಂಚಿಗೆ ಒಂದು ವೀರಗಲ್ಲಿದೆ. ಸೊಂಟದೆತ್ತರ ಇರಬಹುದು. ಚಿಕ್ಕವನಿದ್ದಾಗಿನಿಂದ ಅದನ್ನು ದಾಟಿಕೊಂಡು ಓಡಾಡಿದ್ದೇನೆ, ಸರಿಯಾಗಿ ನೋಡಿದ್ದೇ ಇಲ್ಲ. ಹಗಲಲ್ಲಿ ಅದು ಹಾವಸೆ ಹಿಡಿದ ಬೂದು ಚಪ್ಪಡಿ. ಮೊಬೈಲಲ್ಲಿ ಫ್ಲ್ಯಾಶ್ ಹಾಕಿ ಫೋಟೊ ತೆಗೆದರೆ ಇನ್ನೂ ಅತ್ತತ್ತ.

ಹೋದ ಮಳೆಗಾಲದ ಒಂದು ಸಂಜೆ ಬಸಿಗಾಲುವೆಯಲ್ಲಿ ನೀರು ಕಟ್ಟಿದೆಯಾ ಅಂತ ನೋಡೋಕೆ ಟಾರ್ಚ್ ಹಿಡಿದು ಹೋಗಿದ್ದೆವು. ಕರೆಂಟ್ ಇರಲಿಲ್ಲ. ಚಪ್ಪಲಿಗೆ ಹತ್ತಿದ ಇಂಬಳ ಕೀಳಲು ಚಿಕ್ಕಪ್ಪ ಬಗ್ಗಿದರು, ಕೈಯಲ್ಲಿದ್ದ ಟಾರ್ಚ್ ಕಲ್ಲಿನ ಪಕ್ಕಕ್ಕೆ ಒರಗಿತು. ಬೆಳಕು ಕಲ್ಲಿನ ಮೈ ಸವರಿಕೊಂಡು ಹೋಯಿತು ನೋಡಿ, ಅಲ್ಲಿ ದನಗಳಿದ್ದವು! ಸಾಲಾಗಿ ಐದು. ಎದುರಿಗೆ ಬಿಲ್ಲು ಹಿಡಿದವನು.

"ಅಲ್ಲೆಲ್ಲಾ ದನ ಇತ್ತಾ ಮಾರಾಯ?" ಅಂದರು ಚಿಕ್ಕಪ್ಪ. ಅರವತ್ತು ವರ್ಷ ಅದೇ ಬೇಲಿ ಕಟ್ಟಿದವರು ಅವರು.

ಇದರಲ್ಲಿ ಮಾಯ ಏನಿಲ್ಲ, ಹೈಸ್ಕೂಲಿನ ತ್ರಿಕೋನಮಿತಿ ಸಾಕು. ಕಲ್ಲಿನ ಮೇಲೆ 1 ಮಿಲಿಮೀಟರ್ ಎತ್ತರದ ಉಬ್ಬು ಇದೆ ಅಂದುಕೊಳ್ಳಿ. ಬೆಳಕು ಕಲ್ಲಿನ ಮೈಗೆ 45 ಡಿಗ್ರಿ ಓರೆಯಲ್ಲಿ ಬಿದ್ದರೆ ಅದರ ನೆರಳೂ 1 ಮಿಲಿಮೀಟರ್. 10 ಡಿಗ್ರಿಗೆ ಇಳಿಸಿದರೆ ನೆರಳು ಸುಮಾರು 5.7 ಮಿಲಿಮೀಟರ್. 5 ಡಿಗ್ರಿಗೆ ಇಳಿಸಿದರೆ 11 ಮಿಲಿಮೀಟರ್ ದಾಟುತ್ತದೆ. ಸವೆದು ಸವೆದು ಕಾಗದದಷ್ಟು ಉಳಿದ ಕೆತ್ತನೆಗೂ ಹೀಗೆ ಉದ್ದ ನೆರಳು ಸಿಗುತ್ತದೆ. ಫೋನಿನ ಫ್ಲ್ಯಾಶ್ ಇರುವುದು ಲೆನ್ಸಿನ ಪಕ್ಕದಲ್ಲೇ. ನೆರಳು ಬಿದ್ದರೂ ಉಬ್ಬಿನ ಹಿಂದೆ ಅಡಗಿಬಿಡುತ್ತದೆ, ಕ್ಯಾಮೆರಾಕ್ಕೆ ಕಾಣುವುದಿಲ್ಲ.

ಇನ್ನೊಂದು ತಮಾಷೆ. ಹಾಗೆ ಓರೆ ಬೆಳಕಲ್ಲಿ ತೆಗೆದ ಶಾಸನದ ಫೋಟೊವನ್ನು ತಲೆಕೆಳಗೆ ಮಾಡಿ ನೋಡಿ. ಎಷ್ಟೋ ಸಲ ಕೊರೆದ ಅಕ್ಷರಗಳು ಉಬ್ಬಿಕೊಂಡು ಬಂದಂತೆ ಕಾಣುತ್ತವೆ. ಬೆಳಕು ಮೇಲಿನಿಂದಲೇ ಬರುತ್ತದೆ ಅಂತ ನಮ್ಮ ಮಿದುಳು ಸುಮ್ನೆ ನಂಬಿಕೊಂಡಿರುತ್ತದೆ. ಸೂರ್ಯ ಮೇಲಿದ್ದಾನಲ್ಲ! ಕೆಳಗಿನಿಂದ ಟಾರ್ಚ್ ಬಿಟ್ಟರೂ ಇದೇ ಮೋಸ. ಅದಕ್ಕೇ ನಾನು ಎಡ ಮೇಲ್ಗಡೆಯಿಂದ ಬೆಳಕು ಹಿಡಿಯುತ್ತೇನೆ.

ಮರುದಿನ ರಾತ್ರಿ ಕುರ್ಚಿ ಹಾಕಿಕೊಂಡೇ ಕೂತೆ. ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಜಗಳ. ಇಲ್ಲಿ ದನ ಇರುವುದರಿಂದ ಇದು ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಟ. ನಡುವೆ ಸತ್ತವನನ್ನು ಅಪ್ಸರೆಯರು ಎರಡೂ ಕಡೆ ಹಿಡಿದು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಲಿಂಗ, ಪಕ್ಕದಲ್ಲಿ ಕೈಮುಗಿದ ವೀರ. ತುದಿಯಲ್ಲಿ ಸೂರ್ಯ ಚಂದ್ರ. ಅವರಿರುವ ತನಕ ಇವನ ಹೆಸರಿರಲಿ ಅಂತ. "ಜಿತೇನ ಲಭ್ಯತೇ ಲಕ್ಷ್ಮೀ, ಮೃತೇನಾಪಿ ಸುರಾಂಗನಾ" ಎಂದು ಬೇಕಾದಷ್ಟು ವೀರಗಲ್ಲುಗಳಲ್ಲಿ ಕೊರೆದಿದ್ದಾರೆ. ಗೆದ್ದರೆ ಸಂಪತ್ತು, ಸತ್ತರೆ ದೇವಕನ್ಯೆ. ನಡುವಿನ ಪಟ್ಟಿಕೆ ಅದರ ಚಿತ್ರವೇ.

ಆದರೆ ನನ್ನ ಕಣ್ಣು ನಿಂತಿದ್ದು ಕೊನೆಯ ಹಸುವಿನ ಮೇಲೆ. ಉಳಿದ ನಾಲ್ಕೂ ಒಂದೇ ಅಚ್ಚು. ಇದು ಮಾತ್ರ ಕತ್ತು ಹಿಂದಕ್ಕೆ ತಿರುಗಿಸಿದೆ. ಅದರ ಕಾಲ ಹತ್ತಿರ ಹೆಬ್ಬೆರಳಷ್ಟು ದಪ್ಪದ ಒಂದು ಉಬ್ಬು. ಕರು ಅದು, ಅನುಮಾನವೇ ಇಲ್ಲ. ಕಥೆಗೆ ಕರು ಬೇಕಿರಲಿಲ್ಲ. ದಿನಾ ಕೊಟ್ಟಿಗೆ ನೋಡಿದ ಯಾವನೋ ಕೆತ್ತಿದ್ದಾನೆ. ಇದು ನನ್ನ ಊಹೆ, ಆದರೆ ಬಿಟ್ಟುಕೊಡಲ್ಲ.

ಅಷ್ಟು ಸಣ್ಣ ಕರು ಕೆತ್ತಲು ಕಲ್ಲೂ ಒಗ್ಗಬೇಕು. ನಮ್ಮ ಕಡೆ ಗೋಡೆಗೆ ಹಾಕುವ ಜಂಬಿಟ್ಟಿಗೆ ತೂತು ತೂತು, ಅದರಲ್ಲಿ ಮೂಗು ಕಣ್ಣು ಬರುವುದಿಲ್ಲ. ಇದು ಬಳಪದ ಕಲ್ಲು. ಸ್ಲೇಟಿನ ಮೇಲೆ ಬರೆಯುತ್ತಿದ್ದೆವಲ್ಲ, ಆ ಬಳಪದ ಜಾತಿ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ ಇದರೊಳಗಿನ ಟಾಲ್ಕ್ ಖನಿಜ 1, ಇನ್ನೊಂದು ಖನಿಜ ಕ್ಲೋರೈಟ್ ಸುಮಾರು 2ರಿಂದ 2.5. ನಮ್ಮ ಉಗುರೇ 2.5ರ ಆಸುಪಾಸು. ಗ್ರಾನೈಟಿನೊಳಗಿನ ಕ್ವಾರ್ಟ್ಸ್ 7. ಟಾಲ್ಕಿನ ಅಣುಗಳು ಪದರ ಪದರವಾಗಿ ಜೋಡಿಸಿಕೊಂಡಿರುತ್ತವೆ, ಒಂದು ಪದರಕ್ಕೂ ಇನ್ನೊಂದಕ್ಕೂ ಹಿಡಿತ ಕಡಿಮೆ. ಮುಟ್ಟಿದರೆ ಸೋಪಿನಂತೆ ಜಾರುವುದು ಅದಕ್ಕೇ. ಉಳಿ ಸಲೀಸಾಗಿ ಇಳಿಯುವುದೂ ಅದಕ್ಕೇ.

ಈ ಕಲ್ಲಿನಲ್ಲಿ ಏನು ಸಾಧ್ಯ ಅಂತ ನೋಡಬೇಕಾದರೆ ಬಳ್ಳಿಗಾವಿಗೆ ಹೋಗಬೇಕು, ಶಿಕಾರಿಪುರದಿಂದ ದೂರವೇನಿಲ್ಲ. ಕೇದಾರೇಶ್ವರನ ಗುಡಿಯ ಮಂಟಪದ ಕಂಬಗಳನ್ನು ಬುಗುರಿ ಕಡೆದಂತೆ ದುಂಡಗೆ ಕಡೆದಿದ್ದಾರೆ. ತ್ರಿಪುರಾಂತಕೇಶ್ವರನ ಗುಡಿಯಲ್ಲಿ ಬಾಗಿಲ ಪಕ್ಕದ ಜಾಲಂಧ್ರದ, ಅಂದರೆ ಕಲ್ಲಿನ ಜಾಲರಿಯ, ತೂತುಗಳ ನಡುವೆ ಕುಣಿಯುವವರು. ಹಗಲಲ್ಲಿ ಒಳಗೆ ನಿಂತು ನೋಡಿದರೆ ಹೊರಗಿನ ಬೆಳಕಿಗೆ ಅವರು ಬರೀ ಕಪ್ಪು ಆಕಾರ. ಹೊರಗೆ ಬಂದು ನೋಡಿದರೆ ಒಡವೆಯ ಎಳೆಗಳೂ ಕಾಣುತ್ತವೆ. ಇದೇ ಊರಿನ ದಾಸೋಜ ಮತ್ತು ಅವನ ಮಗ ಚಾವಣ 12ನೇ ಶತಮಾನದಲ್ಲಿ ಬೇಲೂರಿಗೆ ಹೋಗಿ ಮದನಿಕೆಯರನ್ನು ಕೆತ್ತಿದರು, ಕೆಳಗೆ ತಮ್ಮ ಹೆಸರೂ ಕೊರೆದರು. ನಮ್ಮ ತೋಟದವನು ಹೆಸರು ಬರೆದಿಲ್ಲ.

ಮೆದು ಕಲ್ಲಿಗೆ ಒಂದು ಕಷ್ಟವೂ ಇದೆ, ಉಜ್ಜಿದರೆ ಹೋಗುತ್ತದೆ. ಕಾಲೇಜಿನಲ್ಲಿದ್ದಾಗ ನಾನೇ ಒಂದು ಶಾಸನಕ್ಕೆ ಸೀಮೆಸುಣ್ಣ ತುಂಬಿ, ಆಮೇಲೆ ತೆಂಗಿನ ನಾರು ಹಾಕಿ ತಿಕ್ಕಿದ್ದೆ. ಈಗ ನೆನೆದರೆ ನಾಚಿಕೆ. ಆಯಿಲ್ ಪೇಂಟ್ ಬಳಿಯುವುದು ಅದಕ್ಕಿಂತ ಕೆಟ್ಟದ್ದು, ಸಣ್ಣ ಗೀರೆಲ್ಲ ಮುಚ್ಚಿಹೋಗುತ್ತದೆ. ಕಲ್ಲುಹೂವೂ ತನ್ನ ಆಮ್ಲದಿಂದ ನಿಧಾನ ತಿನ್ನುತ್ತದೆ. ಹಾಗಂತ ಕೆರೆದು ತೆಗೆಯೋಕೆ ಹೋಗಬೇಡಿ, ಕಲ್ಲಿನ ಮೈಯೂ ಜೊತೆಗೆ ಕಿತ್ತು ಬರುತ್ತದೆ.

ಬೆಳಕು ಮಾತ್ರ ಮುಟ್ಟದೆ ನೋಡುತ್ತದೆ. 2001ರಲ್ಲಿ ಟಾಮ್ ಮಾಲ್ಜ್‌ಬೆಂಡರ್ ಎಂಬ ಕಂಪ್ಯೂಟರ್ ಸಂಶೋಧಕ ಮತ್ತು ಸಂಗಡಿಗರು ಇದನ್ನೇ ಕಂಪ್ಯೂಟರಿಗೆ ಕಲಿಸಿದರು. ಕ್ಯಾಮೆರಾ ಅಲ್ಲಾಡದಂತೆ ಇಟ್ಟು, ದೀಪವನ್ನು ಮಾತ್ರ ಬೇರೆ ಬೇರೆ ದಿಕ್ಕಿಗೆ ಸರಿಸಿ ಹತ್ತಾರು ಫೋಟೊ ತೆಗೆಯುವುದು. ಆಮೇಲೆ ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆ ತಿರುಗಿಸಬಹುದು. ಗ್ರಹ ನಕ್ಷತ್ರಗಳ ಲೆಕ್ಕ ಹಾಕುತ್ತಿದ್ದ ಗ್ರೀಸಿನ ಪ್ರಾಚೀನ ಆಂಟಿಕಿಥೆರಾ ಯಂತ್ರದ ಮೇಲಿನ ಸವೆದ ಅಕ್ಷರ ಓದಲು 2005ರಲ್ಲಿ ಇದು ನೆರವಾಯಿತು. ನಮಗೆ ಸದ್ಯಕ್ಕೆ ಒಂದು ಟಾರ್ಚ್, ಹಿಡಿದುಕೊಳ್ಳಲು ಒಬ್ಬರು ಚಿಕ್ಕಪ್ಪ ಇದ್ದರೆ ಆಯ್ತು.

ಮೂರನೇ ರಾತ್ರಿ ಅವರೇ ಟಾರ್ಚಿಗೆ ಹೊಸ ಸೆಲ್ ಹಾಕಿಟ್ಟಿದ್ದರು. ನಾನು ಬೇಲಿ ಕಡೆ ಹೊರಟರೆ ಹಿಂದಿನಿಂದ ಕರೆದರು.

"ಅಲ್ಲಲ್ವೋ, ಕೊಟ್ಟಿಗೆ ಹತ್ರ ಬಾ. ಬಾಗಿಲಿಗೆ ಹಾಸಿದ ಕಲ್ಲಿದ್ಯಲ್ಲ, ಅದ್ರ ಅಂಚಲ್ಲೂ ಏನೋ ಇದ್ದಂಗಿದೆ."