ಗೆಜೆಟ್‌ನಲ್ಲಿ ಬಂದದ್ದೆಲ್ಲ ಕಾನೂನಲ್ಲ

‘ಸರ್, ಗೆಜೆಟ್‌ನಲ್ಲೇ ಬಂದಿದೆ, ಹಾಕಿಬಿಡೋಣ್ವಾ?’

ತಿಂಗಳಿಗೆ ಒಂದೆರಡು ಸಲವಾದರೂ ಈ ಮೆಸೇಜ್ ಬರುತ್ತದೆ. ಜೊತೆಗೆ ಗೆಜೆಟ್‌ನ, ಅಂದರೆ ಸರ್ಕಾರದ ಅಧಿಕೃತ ರಾಜ್ಯಪತ್ರದ, ಒಂದು ಪಿಡಿಎಫ್. ಕಳಿಸುವವರು ಬ್ಯಾಂಕ್ ನೌಕರರು, ಪಿಯು ಉಪನ್ಯಾಸಕಿಯರು, ಓದು ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗರು. ರಾತ್ರಿ ಊಟ ಆದಮೇಲೆ ಕೂತು, ಒಂದು ರೂಪಾಯಿ ಸಂಬಳವಿಲ್ಲದೆ, ದೆಹಲಿಯ ರಾಜಕಾರಣದ ಬಗ್ಗೆ ಕನ್ನಡದಲ್ಲಿ ಬರೆಯುತ್ತಾರೆ. ಟಿವಿ ಚರ್ಚೆ ನಂಬದೆ ಮೂಲ ದಾಖಲೆಯನ್ನೇ ಹುಡುಕಿ ತೆಗೆಯುತ್ತಾರೆ. ಅವರ ಬರಹ ತಿದ್ದುವುದು ನನಗೆ ನಿಜವಾಗಿಯೂ ಖುಷಿಯ ಕೆಲಸ. ಆದರೆ ಈ ಒಂದು ತಪ್ಪನ್ನು ಮಾತ್ರ ಎಷ್ಟು ಸಲ ತಿದ್ದಿದರೂ ಮತ್ತೆ ಬರುತ್ತದೆ.

ಸಿಂಹದ ಲಾಂಛನ ಇದೆ, ಸರ್ಕಾರವೇ ಪ್ರಕಟಿಸಿದೆ, ಆದ್ದರಿಂದ ಇದು ಕಾನೂನು ಅಂದುಕೊಳ್ಳುತ್ತಾರೆ. ಹಾಗಲ್ಲ. ಸಂಸತ್ತಿನಲ್ಲಿ ಮಂಡನೆಯಾದ ಮಸೂದೆ ಕೂಡ ಭಾರತದ ಗೆಜೆಟ್‌ನಲ್ಲೇ ಅಚ್ಚಾಗುತ್ತದೆ. ಮೊದಲ ಪುಟದ ಮೇಲ್ಭಾಗ ನೋಡಿ. ‘ಭಾಗ 2, ವಿಭಾಗ 2’ ಎಂದಿದ್ದರೆ ಅದು ಮಸೂದೆ. ‘ಭಾಗ 2, ವಿಭಾಗ 1’ ಎಂದಿದ್ದರೆ ಕಾಯ್ದೆ ಅಥವಾ ಸುಗ್ರೀವಾಜ್ಞೆ. ಕಾಯ್ದೆಗೆ ಅದರದೇ ನಂಬರ್ ಇರುತ್ತದೆ. ಉದಾಹರಣೆಗೆ, ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ಮೇಲೆ ‘2023ರ 45ನೇ ಕಾಯ್ದೆ’ ಎಂದಿರುತ್ತದೆ. ಅಲ್ಲೇ ರಾಷ್ಟ್ರಪತಿ ಅಂಕಿತ ಬಿದ್ದ ತಾರೀಕೂ ಇರುತ್ತದೆ, 2023ರ ಡಿಸೆಂಬರ್ 25 ಅಂತ.

2024ರ ಡಿಸೆಂಬರ್ 17ರಂದು ‘ಒಂದು ದೇಶ, ಒಂದು ಚುನಾವಣೆ’ ಮಸೂದೆ ಲೋಕಸಭೆಗೆ ಬಂತು. ಪರ 269, ವಿರೋಧ 198. ಆ ಸಂಜೆ ನನಗೆ ಬಂದ ಬರಹದ ತಲೆಬರಹ ‘ಲೋಕಸಭೆ ಅಂಗೀಕಾರ’. ಅಂಕಿ ಸರಿ, ದಾಖಲೆ ಸರಿ, ಸುದ್ದಿ ತಪ್ಪು! ಆ ಮತ ಬಿದ್ದದ್ದು ಮಸೂದೆ ಮಂಡಿಸಲು ಒಪ್ಪಿಗೆ ಕೊಡಬೇಕೇ ಬೇಡವೇ ಎಂಬುದಕ್ಕೆ. ಇದು ಸಂವಿಧಾನ ತಿದ್ದುಪಡಿ ಮಸೂದೆ; ಅಂಗೀಕಾರವೇ ಆಗಿದ್ದರೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಬೇಕಿತ್ತು. 467ರಲ್ಲಿ 312. ಕೂಡಿ ಕಳೆದು ನೋಡಿದ್ದರೆ ಅಲ್ಲೇ ಅನುಮಾನ ಬರಬೇಕಿತ್ತು, ಅಲ್ವಾ? ಮಸೂದೆ ಜಂಟಿ ಸಂಸದೀಯ ಸಮಿತಿಗೆ ಹೋಯಿತು.

ಇಷ್ಟನ್ನು ಬಹಳ ಜನ ಬೇಗ ಕಲಿಯುತ್ತಾರೆ. ಎಡವುವುದು ಮುಂದಿನ ಮೆಟ್ಟಿಲಲ್ಲಿ. ಎರಡೂ ಸದನ ಒಪ್ಪಿ, ರಾಷ್ಟ್ರಪತಿ ಸಹಿ ಹಾಕಿ, ಕಾಯ್ದೆಯೆಂದೇ ಗೆಜೆಟ್‌ನಲ್ಲಿ ಬಂದಿದ್ದರೂ ಅದು ಜಾರಿಯಲ್ಲಿದೆ ಎಂದಲ್ಲ. ದಯವಿಟ್ಟು ಕಲಂ 1 ಓದಿ. ಹೆಸರು ಹೇಳುವ ಕಲಂ ಅದು, ಅದಕ್ಕೇ ಎಲ್ಲರೂ ಹಾರಿಸಿ ಮುಂದೆ ಹೋಗುತ್ತಾರೆ. ಅಲ್ಲೇ ಕೆಳಗೆ ಒಂದು ಸಾಲು ಇರುತ್ತದೆ: ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಗೊತ್ತುಮಾಡಿದ ದಿನದಿಂದ ಇದು ಜಾರಿಗೆ ಬರುತ್ತದೆ, ಬೇರೆ ಬೇರೆ ಕಲಮುಗಳಿಗೆ ಬೇರೆ ಬೇರೆ ದಿನ ಗೊತ್ತುಮಾಡಬಹುದು ಅಂತ. ಆ ಸಾಲು ಕಂಡರೆ ನಿಮ್ಮ ಕೆಲಸ ಮುಗಿದಿಲ್ಲ. ಆ ಅಧಿಸೂಚನೆಯನ್ನೂ ಹುಡುಕಬೇಕು. ಅದು ಸಾಮಾನ್ಯವಾಗಿ ಭಾಗ 2, ವಿಭಾಗ 3ರಲ್ಲಿ ಸಿಗುತ್ತದೆ.

ಎಲ್ಲ ಕಾಯ್ದೆಗೂ ಹೀಗೇ ಎನ್ನಲಾರೆ. ಜಾರಿಯ ದಿನದ ಬಗ್ಗೆ ಏನೂ ಹೇಳದಿದ್ದರೆ, ಅಂಕಿತ ಬಿದ್ದ ದಿನವೇ ಜಾರಿ ಎಂದು 1897ರ ಸಾಮಾನ್ಯ ಖಂಡಗಳ ಕಾಯ್ದೆ ಹೇಳುತ್ತದೆ.

ಕಾರ್ಮಿಕ ಸಂಹಿತೆಗಳ ವಿಷಯದಲ್ಲಿ ಎಷ್ಟು ಜನರಿಗೆ ಸುಮ್ನೆ ಗಾಬರಿ ಆಯಿತು! ಒಂದು 2019ರಲ್ಲಿ, ಮೂರು 2020ರಲ್ಲಿ ಕಾಯ್ದೆಯಾದವು. ಅವುಗಳ ಬಹುಪಾಲು ಕಲಮುಗಳು ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಈ ನಡುವೆ ‘ಮುಂದಿನ ತಿಂಗಳಿಂದ ಕೈಗೆ ಬರುವ ಸಂಬಳ ಕಡಿಮೆ, ವಾರಕ್ಕೆ ನಾಲ್ಕೇ ದಿನ ಕೆಲಸ’ ಎಂಬ ಸುದ್ದಿ ಎಷ್ಟು ಸಲ ಓಡಾಡಿತು! ಬರೆದವರಲ್ಲಿ ಕಾಯ್ದೆಯ ಪ್ರತಿ ಇಟ್ಟುಕೊಂಡಿದ್ದವರೂ ಇದ್ದರು.

ಇದು ಬರೀ ಶಿಸ್ತಿನ ಮಾತಲ್ಲ ಎಂದು ನನಗೆ ಚೆನ್ನಾಗಿ ಗೊತ್ತಾದದ್ದು 2024ರ ಜನವರಿಯಲ್ಲಿ. ನ್ಯಾಯ ಸಂಹಿತೆಯ ಕಲಂ 106(2) ವಿರುದ್ಧ ಹಲವು ರಾಜ್ಯಗಳಲ್ಲಿ ಲಾರಿ ಚಾಲಕರು ಗಾಡಿ ನಿಲ್ಲಿಸಿದ್ದರು. ನಿರ್ಲಕ್ಷ್ಯದಿಂದ ಗಾಡಿ ಓಡಿಸಿ ಯಾರಾದರೂ ಸತ್ತು, ಪೊಲೀಸರಿಗೆ ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಜೈಲು ಎನ್ನುವ ಕಲಂ ಅದು. ನಮ್ಮ ಒಬ್ಬ ಹುಡುಗ ತುಮಕೂರು ಕಡೆಯವನು. ಅವರಪ್ಪ ಲಾರಿ ಡ್ರೈವರ್. ‘ಹೊಸ ಕಾನೂನು ಜಾರಿಗೆ ಬಂದಿದೆ’ ಎಂದು ಬರೆದು ಕಳಿಸಿದ. ಕಾಯ್ದೆಯ ಪಿಡಿಎಫ್ ಕೂಡ ಇತ್ತು. ನಾನು ಕೇಳಿದೆ, ‘ಕಲಂ 1 ಓದಿದೆಯಾ?’ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಸರ್, ನಮ್ಮಪ್ಪ ಎರಡು ದಿನದಿಂದ ನಿದ್ದೆ ಮಾಡಿಲ್ಲ’ ಅಂದ.

ಅವತ್ತಿಂದ ಅವನು ದಿನಾ ಗೆಜೆಟ್ ನೋಡತೊಡಗಿದ. ಫೆಬ್ರುವರಿ ಕೊನೆಗೆ ಒಂದು ರಾತ್ರಿ ಹನ್ನೊಂದರ ಮೇಲೆ ಫೋನ್ ಮಾಡಿದ. ‘ಸರ್, ಜುಲೈ 1ರಿಂದ ಜಾರಿ ಅಂತಿದೆ. ಆದ್ರೆ 106(2) ಬಿಟ್ಟು!’ ಅಧಿಸೂಚನೆಯ ಒಂದೇ ವಾಕ್ಯದಲ್ಲಿ, ಎರಡು ಅಲ್ಪವಿರಾಮಗಳ ನಡುವೆ ಇತ್ತು ಅದು.

‘ಅಪ್ಪನಿಗೆ ಹೇಳಿದೆಯಾ?’

‘ಓದಿ ಹೇಳ್ದೆ ಸರ್. ಹಾಗಾದ್ರೆ ಅದು ಯಾವಾಗ ಬರುತ್ತೆ ಅಂತ ಕೇಳ್ತಿದ್ದಾರೆ.’

ತಾರೀಕು ಕೊಟ್ಟಿಲ್ಲ, ಅಷ್ಟನ್ನೇ ಬರಿ ಎಂದೆ. ಅವನು ಹಾಗೇ ಬರೆದ.